ಹಳೇ ಕಂಪ್ಯೂಟರ್ ಉಳಿಸೋಣ, ಅದಕ್ಕೂ ಮೊದಲು ಅದರೊಳಗಿನ ಕನ್ನಡ ಉಳಿಸೋಣ

ನಮ್ಮ ಗುಂಪಿಗೆ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಓದು ಮುಗಿಸಿದ ವರ್ಷ ಎಲ್ಲರೂ ಕೈಯಿಂದ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ತಂದಿದ್ದು. ನಮ್ಮ ಮೊದಲ ವರದಿಗಳು, ಜಾತ್ರೆಯ ಕರಪತ್ರ, ಕೆರೆ ಹೂಳಿನ ಬಗ್ಗೆ ಬರೆದ ಅರ್ಜಿ, ಊರಿನ ಹಿರಿಯರು ಹೇಳಿ ಬರೆಸಿದ ಕಥೆಗಳು ಎಲ್ಲವೂ ಅದರಲ್ಲಿವೆ. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಾಲ ಮುಗಿಯಿತು ಎಂದಾಗ ಅಂಗಡಿಯವರು ಹೇಳಿದ್ದು ಒಂದೇ ಮಾತು: "ಇದನ್ನ ಗುಜರಿಗೆ ಹಾಕಿ, ಹೊಸದು ತಗೊಳ್ಳಿ."

ನಾವು ಗುಜರಿಗೆ ಹಾಕಲಿಲ್ಲ. ಏಕೆ ಹಾಕಲಿಲ್ಲ, ಆ ದಾರಿಯಲ್ಲಿ ಏನು ಕಲಿತೆವು ಎಂದು ಹೇಳಲು ಇದನ್ನು ಬರೆಯುತ್ತಿದ್ದೇವೆ. ಏಕೆಂದರೆ ಇದೇ ಕಷ್ಟ ನಿಮ್ಮೂರಿನ ಟೈಪಿಂಗ್ ಅಂಗಡಿಗೂ, ಸೊಸೈಟಿಗೂ, ಶಾಲೆಗೂ ಬಂದಿರುತ್ತದೆ.

ಮೊದಲು ವಿಷಯ ಸರಿಯಾಗಿ ತಿಳಿಯೋಣ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಬಳಕೆಯವರಿಗೆ ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷದ ರಕ್ಷಣೆ ಇದೆ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದಾದರೂ ಇರಬೇಕು. ಹತ್ತು ವರ್ಷದ ಯಂತ್ರಕ್ಕೆ ಅದೆಲ್ಲಿಂದ ಬರಬೇಕು? ಯಂತ್ರ ಕೆಟ್ಟಿಲ್ಲ, ಅದನ್ನು ನಡೆಸುವ ತಂತ್ರಾಂಶದ ಬಾಗಿಲು ಮುಚ್ಚಿದೆ.

ಇನ್ನೊಂದು ಬಾಗಿಲು ಲಿನಕ್ಸ್. ನಾವು ಹಾಕಿದ್ದು ಲಿನಕ್ಸ್ ಮಿಂಟ್ 22. ದುಡ್ಡು ಕೊಡಬೇಕಿಲ್ಲ, 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿ ರ್‍ಯಾಮ್ ಇದ್ದರೂ ಕೂರುತ್ತದೆ, 4 ಜಿಬಿ ಇದ್ದರೆ ಆರಾಮ. ಪ್ರೊಸೆಸರ್ ಮಾತ್ರ 64 ಬಿಟ್‌ನದೇ ಆಗಿರಬೇಕು. ಪೆನ್‌ಡ್ರೈವ್‌ಗೆ ಹಾಕಿ, ಒಳಗೆ ಇನ್‌ಸ್ಟಾಲ್ ಮಾಡದೆಯೇ ನಡೆಸಿ ನೋಡಬಹುದು. ವೈಫೈ, ಪ್ರಿಂಟರ್ ನಡೆಯುತ್ತವೆಯೇ ಎಂದು ಅಲ್ಲೇ ಗೊತ್ತಾಗುತ್ತದೆ.

ಯಂತ್ರ ಚುರುಕಾಯಿತು. ಆದರೆ ಹಳೇ ಫೈಲ್ ತೆರೆದಾಗ ಎದೆ ಧಸಕ್ಕೆಂದಿತು. ಅಜ್ಜಿ ಹೇಳಿದ ಕಥೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಎಳೆದ ಅಕ್ಷರ, ಪೌಂಡ್ ಚಿಹ್ನೆ. ಕನ್ನಡದ ಒಂದಕ್ಷರವೂ ಇಲ್ಲ.

ಕಾರಣ ಇಷ್ಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವೆಲ್ಲ ಕನ್ನಡ ಟೈಪ್ ಮಾಡುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿ. ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟುಗಳೆಲ್ಲ ಹೀಗೇ ಕೆಲಸ ಮಾಡುತ್ತಿದ್ದವು. ಆ ಕಾಲಕ್ಕೆ ಅದೇ ದಾರಿ, ಅದರಿಂದಲೇ ಊರೂರಲ್ಲಿ ಕನ್ನಡ ಟೈಪಿಂಗ್ ಬಂತು. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಫಾಂಟ್ ತೆಗೆದರೆ ವೇಷ ಕಳಚುತ್ತದೆ.

ಫಾಂಟ್ ಫೈಲನ್ನು ಹಳೇ ವಿಂಡೋಸ್‌ನಿಂದ ತಂದು ಲಿನಕ್ಸ್‌ನಲ್ಲಿ ಹಾಕಿದೆವು. ಲಿಬ್ರೆಆಫೀಸ್‌ನಲ್ಲಿ ಅಜ್ಜಿ ಕಥೆ ಮತ್ತೆ ಕಾಣಿಸಿತು. ಓದುವ ಸಮಸ್ಯೆ ಅಲ್ಲಿಗೆ ಮುಗಿಯಿತು. ಬರೆಯುವುದು ಹೇಗೆ?

ಇಲ್ಲಿ ಬಹಳ ಜನ 'ವೈನ್' ಕಡೆ ಓಡುತ್ತಾರೆ, ನಾವೂ ಓಡಿದೆವು. 1993ರಿಂದ ನಡೆದುಬಂದಿರುವ ತಂತ್ರಾಂಶ ಇದು. ವಿಂಡೋಸ್ ಪ್ರೋಗ್ರಾಂ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವ ಮಾತಿಗೆ ತಿರುಗಿಸಿ ಹೇಳುವ ದುಭಾಷಿ. ಕೆಲವು ಪ್ರೋಗ್ರಾಂ ಇದರಲ್ಲಿ ಚೆನ್ನಾಗಿ ನಡೆಯುತ್ತವೆ, ಕೆಲವು ಕುಂಟುತ್ತವೆ, ಕೆಲವು ಏಳುವುದೇ ಇಲ್ಲ. ಯಾವುದು ಹೇಗೆ ಎಂದು ವೈನ್‌ನವರ ಪಟ್ಟಿಯಲ್ಲಿ ಪ್ಲಾಟಿನಂ, ಗೋಲ್ಡ್, ಸಿಲ್ವರ್ ಎಂದು ದರ್ಜೆ ಕೊಟ್ಟಿರುತ್ತಾರೆ. ಆದರೆ ಕೀಲಿಮಣೆ ತಂತ್ರಾಂಶದ ಕಥೆ ಬೇರೆ. ವೈನ್ ಒಳಗೆ ನಡೆಯುವ ಟೈಪಿಂಗ್ ತಂತ್ರಾಂಶ ಹೊರಗಿನ ಲಿಬ್ರೆಆಫೀಸ್‌ನಲ್ಲಿ ಒತ್ತಿದ ಕೀಲಿಯನ್ನು ಹಿಡಿಯಲಾರದು.

ಆಗ ನಮಗೆ ಒಂದು ಮಾತು ಹೊಳೆಯಿತು. ನಮಗೆ ಅಭ್ಯಾಸವಾಗಿರುವುದು ತಂತ್ರಾಂಶವಲ್ಲ, ಬೆರಳಿನ ಜಾಗ. ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅದೇ ಬಗೆಯ ಜೋಡಣೆ ಲಿನಕ್ಸ್‌ನಲ್ಲಿ 'ಕೆಜಿಪಿ' ಎಂಬ ಹೆಸರಲ್ಲಿ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯಲ್ಲಿ ಅದನ್ನು ಆರಿಸಿಕೊಂಡೆವು. ನಮ್ಮಲ್ಲಿ ವೇಗವಾಗಿ ಟೈಪ್ ಮಾಡುವ ಅಕ್ಕ ಕೂತು ಅರ್ಧ ಪುಟ ಬಡಿದು, "ಇದರಲ್ಲಿ ಹೊಸದೇನಿದೆ?" ಎಂದರು. ಹೊಸದಿತ್ತು. ಅವರು ಬರೆದದ್ದು ಯೂನಿಕೋಡ್. ವಾಟ್ಸಾಪ್‌ಗೆ ಹಾಕಿದರೂ ಫೋನಿನಲ್ಲಿ ಕನ್ನಡವಾಗಿಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ.

ಎಲ್ಲವೂ ಸಲೀಸು ಎಂದು ನಾವು ಹೇಳುವುದಿಲ್ಲ. ಪೇಜ್‌ಮೇಕರ್ ನಂಬಿ ಬದುಕುವ ಮುದ್ರಣದವರಿಗೆ ಇದು ನಿಜವಾದ ಕಷ್ಟ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯದು. ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ಲಿನಕ್ಸ್‌ನಲ್ಲಿ ಪುಟ ಕಟ್ಟಲು ಸ್ಕ್ರೈಬಸ್ ಇದೆ. ಅದರ 1.6ನೇ ಆವೃತ್ತಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತದೆ. ಆದರೆ ಲಗ್ನಪತ್ರಿಕೆಯ ಹಂಗಾಮಿನಲ್ಲಿ ಯಾರೂ ಹೊಸದು ಕಲಿಯಲಾರರು. ಅಂಥವರಿಗೆ ನಮ್ಮ ಸಲಹೆ: ಹಳೇ ವಿಂಡೋಸನ್ನು ಹಾಗೇ ಇಟ್ಟುಕೊಳ್ಳಿ, ಇಂಟರ್‌ನೆಟ್ ತಂತಿ ಮಾತ್ರ ಕಿತ್ತುಬಿಡಿ, ಹೊರಗಿನ ಪೆನ್‌ಡ್ರೈವ್ ಚುಚ್ಚುವ ಮುನ್ನ ಎಚ್ಚರ ಇರಲಿ. ನೆಟ್ ಬೇಕಾದ ಕೆಲಸ ಲಿನಕ್ಸ್‌ನಲ್ಲಿ ಮಾಡಿ. ಒಂದೇ ಯಂತ್ರದಲ್ಲಿ ಎರಡನ್ನೂ ಇಡಬಹುದು, ಆದರೆ ಆಗ ವಿಂಡೋಸ್ ಕಡೆಗೆ ವೈಫೈ ಬಂದ್ ಮಾಡಿಡಬೇಕು. ಡಿಜಿಟಲ್ ಸಹಿಯ ಟೋಕನ್, ಲೆಕ್ಕದ ಪ್ಯಾಕೇಜ್ ಬಳಸುವವರು ಪರೀಕ್ಷಿಸದೆ ಬದಲಾಯಿಸಲೇಬೇಡಿ.

ನಮ್ಮ ವಾದ ಇಷ್ಟೇ. ವಿಂಡೋಸೋ ಲಿನಕ್ಸೋ ಎಂಬ ಜಗಳ ನಮ್ಮೂರಿಗೆ ಬೇಡ. ಆದರೆ ಯಂತ್ರ ಬದಲಿಸುವ ಹೊತ್ತು ಬಂದಿದೆ, ಈ ಹೊತ್ತಿನಲ್ಲಿ ಹಳೇ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸದಿದ್ದರೆ ಮತ್ತೆ ಯಾವಾಗ? ಫಾಂಟ್ ಗೊತ್ತಿರುವವರು ಈಗ ಇದ್ದಾರೆ. ಇನ್ನು ಹತ್ತು ವರ್ಷಕ್ಕೆ ಆ ಫೈಲ್ ಯಾವ ಫಾಂಟಿನದು ಎಂದು ಹೇಳುವವರು ಇರಲಿಕ್ಕಿಲ್ಲ. ಸಂಘದ ನಡಾವಳಿ, ಶಾಲೆಯ ಸ್ಮರಣ ಸಂಚಿಕೆ, ಊರಿನ ದೇವಸ್ಥಾನದ ಲೆಕ್ಕ ಇವೆಲ್ಲ ಹಾರ್ಡ್‌ಡಿಸ್ಕ್ ಜೊತೆ ಗುಜರಿಗೆ ಹೋದರೆ ವಾಪಸ್ ಬರುವುದಿಲ್ಲ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತವೆ, ಕಣ್ಣಾಡಿಸಿ ತಿದ್ದಬೇಕು, ಅಷ್ಟೇ.

ಇದು ಒಬ್ಬಿಬ್ಬರ ಹವ್ಯಾಸವಾಗಿ ಉಳಿಯಬಾರದು. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳಿಗೆಂದೇ 'ಕೈಟ್' ಎಂಬ ಸಂಸ್ಥೆ ಲಿನಕ್ಸ್ ಸಿದ್ಧಪಡಿಸಿ ಕೊಟ್ಟಿದೆ, ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಟ್ಟಿದೆ. ನಮ್ಮ ಶಾಲೆ, ಪಂಚಾಯ್ತಿ ಗ್ರಂಥಾಲಯಗಳ ಹಳೇ ಯಂತ್ರಗಳಿಗೂ ಅಂಥದೊಂದು ಏರ್ಪಾಡು ಕೇಳುವುದು ತಪ್ಪಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ.

ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ್ದು ಎರಡು. ಹಳೇ ಕಂಪ್ಯೂಟರಿನ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಅದರ ಜೊತೆಗೇ ಆ ಫಾಂಟುಗಳನ್ನೂ ನಕಲು ಮಾಡಿ. ಬೀಜವನ್ನು ತೆಗೆದಿಟ್ಟ ಮೇಲೆಯೇ ಕಣ ಗುಡಿಸುವುದು.