ಜರ್ಮನಿಯಲ್ಲಿ ಜರ್ಮನ್ ಬೇಕು, ಕರ್ನಾಟಕದಲ್ಲಿ ಕನ್ನಡ ಬೇಡವೇ?

ಕನ್ನಡದ ತರುಣರೇ,

ನಿಮ್ಮ ಬೀದಿಯಲ್ಲಿ ಎಂಬಿಬಿಎಸ್ ಮುಗಿಸಿ ಜರ್ಮನಿಗೆ ಹೊರಟಿರುವ ಹುಡುಗನೋ ಹುಡುಗಿಯೋ ಇದ್ದರೆ ಒಮ್ಮೆ ಮಾತಾಡಿಸಿ ನೋಡಿ. ಡಿಗ್ರಿ ಕೈಯಲ್ಲಿದೆ, ಹೌಸ್ ಸರ್ಜನ್ಸಿ ಮುಗಿದಿದೆ. ಆದರೂ ಬೆಳಗಿನ ಜಾವ ಎದ್ದು ಉರು ಹೊಡೆಯುತ್ತಿರುವುದು ಔಷಧಿಯ ಹೆಸರನ್ನಲ್ಲ, ಜರ್ಮನ್ ವ್ಯಾಕರಣವನ್ನು!

ಯಾಕೆ? ಜರ್ಮನಿಯಲ್ಲಿ ರೋಗಿಯ ಮಾತು ತಿಳಿಯದವನನ್ನು ಡಾಕ್ಟರ್ ಎಂದು ಒಪ್ಪುವುದಿಲ್ಲ. 2014ರಲ್ಲಿ ಅಲ್ಲಿನ ರಾಜ್ಯಗಳ ಆರೋಗ್ಯ ಮಂತ್ರಿಗಳು ಸೇರಿ ತೀರ್ಮಾನ ಮಾಡಿದರು. ಯುರೋಪಿನ ಭಾಷಾ ಅಳತೆಯಲ್ಲಿ ಆರು ಮೆಟ್ಟಿಲು. ಹೊರಗಿನಿಂದ ಬರುವ ಡಾಕ್ಟರು ಆಡುವ ಜರ್ಮನ್‌ನಲ್ಲಿ ನಾಲ್ಕನೇ ಮೆಟ್ಟಿಲು, ಅಂದರೆ ಬಿ2 ಮುಟ್ಟಿರಬೇಕು. ವೈದ್ಯಕೀಯ ಜರ್ಮನ್‌ನಲ್ಲಿ ಐದನೆಯದು, ಸಿ1. ಆಮೇಲೆ ವೈದ್ಯರ ಮಂಡಳಿಯ ಮುಂದೆ ಫಾಖ್‌ಶ್ಪ್ರಾಖ್‌ಪ್ರ್ಯೂಫುಂಗ್ ಎಂಬ ಪರೀಕ್ಷೆ. ಹೆಸರು ಹೇಳುವಷ್ಟರಲ್ಲೇ ನಾಲಿಗೆ ಹೊರಳುತ್ತದೆ, ಆದರೆ ಪರೀಕ್ಷೆ ಬಹಳ ಸರಳವಾದ ಮಾತನ್ನು ಕೇಳುತ್ತದೆ. ಮೊದಲ 20 ನಿಮಿಷ ರೋಗಿಯ ಜೊತೆ ಮಾತು. ಮುಂದಿನ 20 ನಿಮಿಷ ಕೇಳಿದ್ದನ್ನು ಬರೆಯುವುದು. ಕೊನೆಯ 20 ನಿಮಿಷ ಹಿರಿಯ ಡಾಕ್ಟರಿಗೆ ವರದಿ ಒಪ್ಪಿಸುವುದು. ವೈದ್ಯ ವಿದ್ಯೆಯ ಪರೀಕ್ಷೆ ಬೇರೆಯೇ ಇದೆ. ಇದು ಬರೀ ಮಾತಿಗೆ!

ಇನ್ನೊಂದು ವಿಷಯ ಗಮನಿಸಿ. ಆ ಪರೀಕ್ಷೆಯಲ್ಲಿ ಲ್ಯಾಟಿನ್ ಹೆಸರು ಒದರಿದರೆ ಸಾಲದು, ಜನರ ಮಾತು ಗೊತ್ತಿರಬೇಕು. ಡಯಾಬಿಟಿಸ್‌ಗೆ ಜರ್ಮನಿಯ ಅಜ್ಜಿ ಹೇಳುವ ಪದದ ಅರ್ಥವೇನು ಗೊತ್ತೆ? ‘ಸಕ್ಕರೆ ಕಾಯಿಲೆ’! ಅಪೆಂಡಿಕ್ಸ್‌ಗೆ ಅವರು ಆಡುವ ಪದ ‘ಕುರುಡು ಕರುಳು’. ನಮ್ಮ ಅಜ್ಜಿ ಸಕ್ಕರೆ ಕಾಯಿಲೆ ಎಂದರೆ ಹಳ್ಳಿ ಗುಗ್ಗು, ಜರ್ಮನಿಯ ಅಜ್ಜಿ ಅದನ್ನೇ ಹೇಳಿದರೆ ಅದು ಪರೀಕ್ಷೆಯ ಪಾಠ. ಹೇಗಿದೆ ನ್ಯಾಯ?

ಇಂಗ್ಲೆಂಡಿನ ಕಥೆಯೂ ಇದೇ. ಐದೂವರೆ ವರ್ಷ ಇಂಗ್ಲಿಷಿನಲ್ಲೇ ಓದಿ ಬಂದರೂ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5, ಓದು, ಬರಹ, ಕೇಳುವಿಕೆ, ಮಾತು ಒಂದೊಂದರಲ್ಲೂ 7 ಬೇಕು. ಇಲ್ಲವೇ ಓಇಟಿಯಲ್ಲಿ ನಾಲ್ಕಕ್ಕೂ ಬಿ ಗ್ರೇಡು. ಆಮೇಲೆ ಪ್ಲಾಬ್ ಪರೀಕ್ಷೆ. ಅದರ ಎರಡನೇ ಭಾಗ ಮ್ಯಾಂಚೆಸ್ಟರಿನಲ್ಲಿ, 16 ಕಡೆ ತಲಾ 8 ನಿಮಿಷ. ನಟರನ್ನು ರೋಗಿಗಳಾಗಿ ಕೂರಿಸಿ, ನೀವು ಸಮಾಧಾನ ಹೇಳುವ ರೀತಿಗೂ ಅಂಕ ಕೊಡುತ್ತಾರೆ. 2008ರಲ್ಲಿ ಜರ್ಮನಿಯಿಂದ ಬಂದ ಬದಲಿ ಡಾಕ್ಟರೊಬ್ಬ ನೋವಿನ ಔಷಧಿಯನ್ನು ಹತ್ತು ಪಟ್ಟು ಕೊಟ್ಟು ಅಲ್ಲಿ ರೋಗಿಯೊಬ್ಬರು ಸತ್ತರು. ಆತನಿಗೆ ಆ ಔಷಧಿಯ ಪರಿಚಯವೇ ಇರಲಿಲ್ಲ. ಆದರೆ ಆತನ ಇಂಗ್ಲಿಷನ್ನೂ ಸರಿಯಾಗಿ ಪರೀಕ್ಷಿಸಿರಲಿಲ್ಲ ಎಂಬುದು ಬಯಲಾಗಿ ದೇಶವೇ ಕೂಗೆಬ್ಬಿಸಿತು. 2014ರಲ್ಲಿ ಕಾನೂನು ತಿದ್ದಿ, ಯುರೋಪಿನ ಡಾಕ್ಟರುಗಳಿಗೂ ಇಂಗ್ಲಿಷ್ ಪರೀಕ್ಷೆಯ ಅಂಕುಶ ಹಾಕಿದರು.

ಈಗ ನಮ್ಮ ನಾಡಿಗೆ ಬನ್ನಿ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಪಿಜಿ ಸೀಟಿನಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ. ಬರಲಿ, ಸ್ವಾಗತ. ಆದರೆ ಅವರ ಮುಂದೆ ಕೂರುವವರು ಯಾರು? ಪಾವಗಡದ ರೈತ, ಯಾದಗಿರಿಯ ಬಾಣಂತಿ. ‘ಸಂಕಟ ಆಗ್ತದೆ’, ‘ಎದೆ ಹಿಡ್ಕೊಂಡಂಗೆ ಆಯ್ತು’, ‘ಕೈ ಜೋಮು ಹಿಡೀತು’, ‘ಕಣ್ಣು ಕತ್ಲೆ ಬಂತು’. ಎದೆ ಉರಿ ಬೇರೆ, ಎದೆ ಹಿಡಿಯುವುದು ಬೇರೆ. ಒಂದು ಗ್ಯಾಸ್ ಇರಬಹುದು, ಇನ್ನೊಂದು ಹಾರ್ಟ್ ಅಟ್ಯಾಕ್ ಇರಬಹುದು. ಈ ವ್ಯತ್ಯಾಸ ತಿಳಿಯದವನ ಮುಂದೆ ರೋಗಿ ಮೂಕ! 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಶುರುವಿಗೇ ಸ್ಥಳೀಯ ಭಾಷೆ ಕಲಿಸಿ ಎಂದು ಬರೆದಿದೆ. ಆದರೆ ಕನ್ನಡ ಮಾತಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಇಲ್ಲಿ ರೋಗಿ ನೋಡುವಂತಿಲ್ಲ ಎಂಬ ನಿಯಮ ಎಲ್ಲಿದೆ?

‘ಸ್ಕ್ಯಾನಿಂಗ್ ಇರುವಾಗ ಮಾತೇಕೆ?’ ಎನ್ನುವ ಮಹಾಶಯರಿದ್ದಾರೆ. ಸ್ವಾಮಿ, ಎಕ್ಸ್‌ರೇ ಕಂಡುಹಿಡಿದದ್ದೇ ಜರ್ಮನಿಯ ರಾಂಟ್‌ಜೆನ್, 1895ರಲ್ಲಿ! ಸ್ಕ್ಯಾನಿಂಗ್ ಮಿಷನ್ ಮಾಡಿ ಜಗತ್ತಿಗೆ ಮಾರುವ ಸೀಮೆನ್ಸ್ ಕೂಡ ಅಲ್ಲಿಯದೇ. ಮಿಷನ್ ಮಾಡಿದವರೇ ಮೊದಲು ಮಾತು ಕಲಿ ಎನ್ನುತ್ತಿರುವಾಗ ಮಿಷನ್ ಕೊಂಡವರಿಗೆ ಏನು ಧಿಮಾಕು?

‘ವೈದ್ಯಕೀಯಕ್ಕೆ ಕನ್ನಡ ಸಾಲದು’ ಎನ್ನುವವರು ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ ತೆರೆದು ನೋಡಲಿ. ಒಂದು ತಲೆಮಾರಿನ ಹೆಣ್ಣುಮಕ್ಕಳು ಬಸಿರು ಬಾಣಂತನ ತಿಳಿದದ್ದು ಅಂಥ ಕನ್ನಡದಿಂದ. ಪ್ರೆಸ್ಸಿನವನಾಗಿ ನಾನು ಡಾಕ್ಟರುಗಳ ಪ್ರಿಸ್ಕ್ರಿಪ್ಷನ್ ಪ್ಯಾಡು ಎಷ್ಟೋ ಅಚ್ಚು ಹಾಕಿದ್ದೇನೆ. ‘ಊಟದ ಮುಂಚೆ’, ‘ಊಟದ ನಂತರ’ ಎಂದು ಕನ್ನಡದಲ್ಲಿ ಹಾಕಿಸಿದವರನ್ನು ಬೆರಳಲ್ಲಿ ಎಣಿಸಬಹುದು. ಕನ್ನಡ ಮೊಳೆಗೆ, ಕನ್ನಡ ಫಾಂಟಿಗೆ ನಾವೇನೂ ಹೆಚ್ಚಿಗೆ ದುಡ್ಡು ಕೇಳುವುದಿಲ್ಲ!

ವಿದೇಶಕ್ಕೆ ಹೊರಟ ತಮ್ಮಂದಿರೇ, ತಂಗಿಯರೇ, ಹೋಗಿ. ‘ಆರೇ ತಿಂಗಳಲ್ಲಿ ಜರ್ಮನಿ’ ಎಂಬ ಹ್ಯಾಂಡ್‌ಬಿಲ್ ನಂಬಿ ದುಡ್ಡು ಸುರಿಯಬೇಡಿ. ಸರ್ಟಿಫಿಕೇಟಿಗಾಗಿ ಕಲಿಯಬೇಡಿ, ಅಲ್ಲಿನ ಅಜ್ಜಿ ನೋವು ತೋಡಿಕೊಂಡಾಗ ಅರ್ಥವಾಗುವಂತೆ ಕಲಿಯಿರಿ. ಆ ಅಜ್ಜಿಗೆ ಅದು ಹಕ್ಕು. ಜರ್ಮನಿ ನಿಮ್ಮನ್ನು ದ್ವೇಷಿಸಿ ಭಾಷೆ ಕೇಳುತ್ತಿಲ್ಲ, ತನ್ನ ರೋಗಿಯನ್ನು ಕಾಪಾಡಲು ಕೇಳುತ್ತಿದೆ. ನಾವು ಅದನ್ನೇ ಕೇಳಿದರೆ ಮಾತ್ರ ಸಂಕುಚಿತರೇ?

ನಮ್ಮ ಬೇಡಿಕೆ ಒಂದೇ. ಕರ್ನಾಟಕದಲ್ಲಿ ರೋಗಿ ಮುಟ್ಟುವ ಪ್ರತಿ ಡಾಕ್ಟರಿಗೂ 20 ನಿಮಿಷದ ಕನ್ನಡ ಮಾತಿನ ಪರೀಕ್ಷೆ ಕಡ್ಡಾಯವಾಗಲಿ. ವ್ಯಾಕರಣ ಬೇಡ, ಹಳಗನ್ನಡ ಬೇಡ. ‘ಎಲ್ಲಿ ನೋವು, ಯಾವಾಗಿಂದ, ಹೇಗೆ?’ ಎಂದು ಕೇಳಿ, ಬಂದ ಉತ್ತರ ತಿಳಿದರೆ ಸಾಕು. ಓದುಗ ಗೆಳೆಯರೇ, ಇದನ್ನು ನಿಮ್ಮ ಎಂಎಲ್‌ಎ ಮುಂದೆ ಇಡಿ. ಉತ್ತರ ಬರುವ ತನಕ ಬಿಡಬೇಡಿ!