ಮುದಿ ನಾಯಿಗೊಂದು ಮನೆ

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯತಾಣಕ್ಕೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೇಳಿತು. ರಾಯಚೂರು ನಗರಕ್ಕೂ ಅದೇ ಮಾತು, ದೇವದುರ್ಗ, ಮಾನ್ವಿಯಂಥ ಊರುಗಳಿಗೂ ಅದೇ ಮಾತು. ಹೀಗೆ ಒಳಗೆ ಸೇರಿದ ನಾಯಿ ಹೊರಬರಲು ಉಳಿಯುವ ದಾರಿ ದತ್ತು, ಇಲ್ಲವೇ ಸಾವು. ದತ್ತು ಕೇಳುವವರ ಕಣ್ಣೋ ಮರಿಗಳ ಮೇಲೆ. ಮೂತಿ ಬೆಳ್ಳಗಾದ, ಏಳೆಂಟು ವರ್ಷ ದಾಟಿದ ನಾಯಿಯನ್ನು ಕೇಳುವವರು ಅಪರೂಪ. ಆದರೆ ಈ ಸೀಮೆಯ ಬದುಕಿಗೆ ಮರಿಗಿಂತ ಮುದಿ ನಾಯಿಯೇ ಹೆಚ್ಚು ಹೊಂದುತ್ತದೆ ಎನ್ನುವುದು ನನ್ನ ವಾದ.

ಮರಿ ತರುವುದೆಂದರೆ ಹತ್ತು ಹನ್ನೆರಡು ವರ್ಷಕ್ಕೆ ಮಾತು ಕೊಟ್ಟಂತೆ. ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಬರುವ ವರ್ಷ ಯಾವ ಊರಲ್ಲಿರುತ್ತೇವೆ ಎಂಬುದೇ ಅವರಿಗೆ ಖಾತ್ರಿಯಿಲ್ಲ. ಮಕ್ಕಳ ಹಟಕ್ಕೆ ತಂದ ಕುನ್ನಿ ಬೀಗ ಬಿದ್ದ ಮನೆಯ ಕಟ್ಟೆಯ ಮೇಲೆ ಉಳಿಯುತ್ತದೆ. ಹೆಣ್ಣಾದರೆ ವರ್ಷದೊಳಗೇ ಬೆದೆಗೆ ಬಂದು ಬೀದಿಯಲ್ಲೇ ಈಯುತ್ತದೆ. ಸಾಕಿದ ಪ್ರಾಣಿಯನ್ನು ಹೀಗೆ ಕೈಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟಿನ 2025ರ ಆಗಸ್ಟ್ 22ರ ಆದೇಶವೂ ಹೇಳಿದೆ. ಕಾನೂನು ಗೊತ್ತಿದ್ದ ಮಾತ್ರಕ್ಕೆ ಗುಳೆ ನಿಲ್ಲುವುದಿಲ್ಲವಲ್ಲ! ಮುದಿ ನಾಯಿ ಕೇಳುವುದು ಮೂರು ನಾಲ್ಕು ವರ್ಷವನ್ನು ಮಾತ್ರ. ಹತ್ತು ಹನ್ನೆರಡು ವರ್ಷಕ್ಕಿಂತ ಅಷ್ಟು ದಿನದ ಲೆಕ್ಕ ಹಾಕುವುದು ಸುಲಭ. ಮೇಲಾಗಿ, ಮಕ್ಕಳು ಗುಳೆ ಹೋದ ಮೇಲೆ ಊರಲ್ಲಿ ಉಳಿಯುವವರು ವಯಸ್ಸಾದವರು. ಹಗ್ಗ ಜಗ್ಗಿ ಓಡುವ ಮರಿ ಅವರಿಗೆ ಶಿಕ್ಷೆ. ಹಗಲೆಲ್ಲ ಪರಸಿ ಕಲ್ಲಿನ ತಂಪಿಗೆ ಹೊಟ್ಟೆ ಹಚ್ಚಿ ಮಲಗಿ, ಸಂಜೆ ಓಣಿಯ ತುದಿಯವರೆಗೆ ನಡೆದು ಬರುವ ನಾಯಿಯಾದರೆ ಜೊತೆಯಾಗುತ್ತದೆ.

ಬೀದಿಯಲ್ಲಿ ಬೆಳೆದ ನಾಯಿ ಕಚ್ಚದೆ ಇರುತ್ತದೆಯೇ, ನಾಯಿ ಬಾಲ ಎಂದಾದರೂ ನೆಟ್ಟಗಾದೀತೇ ಎಂದು ಕೇಳುವವರಿದ್ದಾರೆ. ಭಯ ಸಹಜ, ಆದರೆ ಅದು ತಪ್ಪು ನಾಯಿಯ ಮೇಲೆ ಬಿದ್ದಿದೆ. ಮೂರು ತಿಂಗಳು ತುಂಬುವವರೆಗೆ ಮರಿಗೆ ಸಾಮಾನ್ಯವಾಗಿ ರೇಬಿಸ್ ಲಸಿಕೆ ಹಾಕುವುದಿಲ್ಲ. ಮಕ್ಕಳು ಎತ್ತಿಕೊಂಡು ಆಡಿಸುವುದು, ಅದರ ಹಲ್ಲು ತಾಗಿದರೆ 'ಮರಿ ತಾನೆ' ಎಂದು ಸುಮ್ಮನಾಗುವುದು ಆ ವಯಸ್ಸಿನಲ್ಲಿಯೇ. ಲಸಿಕೆ ಹಾಕಿಸಿಕೊಂಡು ಕೆಲವು ತಿಂಗಳು ಆಶ್ರಯತಾಣದಲ್ಲಿ ಕಳೆದ ನಾಯಿಯಿಂದ ರೇಬಿಸ್ ಅಪಾಯ ತೀರ ಕಡಿಮೆ. ಅದರ ಗುಣವೂ ಆಗಲೇ ಬಯಲಾಗಿರುತ್ತದೆ: ಮಕ್ಕಳನ್ನು ಕಂಡರೆ ಗುರುಗುಡುತ್ತದೆಯೋ, ತಾಟಿಗೆ ಕೈ ಹಾಕಿದರೆ ಸಹಿಸುತ್ತದೆಯೋ ಎಂದು ದಿನವೂ ಅನ್ನ ಹಾಕುವವರನ್ನು ಕೇಳಿದರಾಯಿತು. ಮರಿ ಮುಂದೆ ಹೇಗಾದೀತೆಂದು ಯಾರನ್ನು ಕೇಳುವುದು?

ಖರ್ಚಿನ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಕೀಲು ನೋವು, ಉದುರುವ ಹಲ್ಲು, ಕಣ್ಣಿನ ಪೊರೆ, ಸೋಲುವ ಮೂತ್ರಪಿಂಡ ಇವೆಲ್ಲ ಮುಪ್ಪಿನ ಜೊತೆಗೇ ಬರುತ್ತವೆ. ಕುಂಟುತ್ತದೆಂದು ಮನೆಯಲ್ಲಿದ್ದ ಐಬುಪ್ರೊಫೆನ್ ಮಾತ್ರೆ ನುಂಗಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡವೂ ಕೆಡಬಹುದು, ಪಶುವೈದ್ಯರೇ ಬೇಕು. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಕೆಳಗೆ ಕಟ್ಟಿ ಹಾಕಿದ ಮುದಿ ನಾಯಿ ಉಳಿಯುವುದು ಕಷ್ಟ. ತೇಕಿ ತೇಕಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಅದನ್ನು ಒಳಗೆ ಬಿಟ್ಟುಕೊಳ್ಳಲೇಬೇಕು. ನಾಯಿ ಹೊಸ್ತಿಲು ದಾಟಬಾರದು ಎನ್ನುವವರೂ ಇದ್ದಾರೆ. ಮೈಲಾರಲಿಂಗನ ಭಕ್ತರಾದ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯೆಂಬ ಪಾತ್ರೆಗೆ ಬಾಯಿ ಹಾಕಿ ಉಣ್ಣುವುದನ್ನು ಸೇವೆಯೆಂದು ಕೈ ಮುಗಿದು ನೋಡುವ ಜನ ನಾವು. ಈ ಮಡಿ ಎಲ್ಲಿಂದ ಬಂತೋ!

ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿರುವ ರಾಯಚೂರಿನಲ್ಲಿ ಮನುಷ್ಯರಿಗೇ ಇಲ್ಲದ್ದು ನಾಯಿಗೆ ಏಕೆ ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಆದರೆ ಆಶ್ರಯತಾಣದಲ್ಲಿ ಸಾಯುವ ತನಕ ಕೂರುವ ನಾಯಿಯ ಅನ್ನವೂ ಅದೇ ಜನರ ತೆರಿಗೆಯದ್ದು. ಮುದಿ ನಾಯಿಯೊಂದು ಮನೆ ಸೇರಿದರೆ, ಆಸ್ಪತ್ರೆಯ ಆವರಣದಲ್ಲಿ ಅಲೆಯುವ ಇನ್ನೊಂದಕ್ಕೆ ಒಳಗೆ ಜಾಗವಾಗುತ್ತದೆ. ಹಾಗಾಗಿ ದತ್ತು ಕೊಡುವ ಸ್ಥಳೀಯ ಸಂಸ್ಥೆ ಕೈ ತೊಳೆದುಕೊಳ್ಳುವಂತಿಲ್ಲ. ಹಲ್ಲು ನೋಡಿ ಅಂದಾಜಿಸಿದ ವಯಸ್ಸು, ಲಸಿಕೆಯ ದಿನಾಂಕ, ಸ್ವಭಾವ ಇಷ್ಟನ್ನೂ ಬರೆದ ಚೀಟಿ ನಾಯಿಯ ಜೊತೆಗೆ ಹೋಗಬೇಕು. ಪ್ರತಿ ವರ್ಷದ ರೇಬಿಸ್ ಲಸಿಕೆ, ಪಶು ಆಸ್ಪತ್ರೆಯ ಔಷಧ ಪುಕ್ಕಟೆ ಸಿಗಬೇಕು. ಸಾಕಿದ ಮುದುಕಿ ತೀರಿಕೊಂಡರೆ, ಮನೆಯವರೆಲ್ಲ ಗುಳೆ ಹೊರಟರೆ, ದಂಡ ಕೇಳದೆ, ಬೈಯದೆ ನಾಯಿಯನ್ನು ವಾಪಸು ತೆಗೆದುಕೊಳ್ಳುತ್ತೇವೆಂದು ಆ ಚೀಟಿಯ ಮೇಲೆಯೇ ಬರೆದು ಮೊಹರು ಹಾಕಿ ಕೊಡಬೇಕು.