ಒಂದೇ ಮನೆಯ ಮೂರು ನಕ್ಷೆಗಳು

ಪ್ರೀತಿಯ ಮೊಮ್ಮಕ್ಕಳೇ, ಪಕ್ಕದಲ್ಲಿ ಕನ್ನಡಕ ಹುಡುಕುತ್ತಾ ಕುಳಿತಿರುವ ಅಜ್ಜ ಅಜ್ಜಿಯರೇ,

ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿದರೆ ನನ್ನ ವಯಸ್ಸಿನವರು ಒಂದು ಕ್ಷಣ ತಡವರಿಸುತ್ತೇವೆ. ಆದರೆ ಚಿಕ್ಕಂದಿನಲ್ಲಿ ಕೊಟ್ಟಿಗೆಯಲ್ಲಿದ್ದ ಆಕಳುಗಳ ಹೆಸರು ಕೇಳಿ ನೋಡಿ. ಗೌರಿ, ತುಂಗೆ, ಕೆಂಪಿ, ಬೆಳ್ಳಿ ಎಂದು ಕಟ್ಟಿದ್ದ ಸಾಲಿನಲ್ಲೇ ಹೇಳಿಬಿಡುತ್ತೇವೆ. ಯಾವುದು ಹಾಯುತ್ತಿತ್ತು, ಯಾವುದು ಒದೆಯುತ್ತಿತ್ತು ಎಂಬುದೂ ಜೊತೆಗೇ ಬರುತ್ತದೆ. ಇದನ್ನು ಕಂಡು ಮಕ್ಕಳು ನಗುವುದುಂಟು: ‘ಅಜ್ಜ, ನಿನಗೆ ಬೇಕಾದ್ದು ಮಾತ್ರ ನೆನಪಿರುತ್ತೆ!’

ನಮ್ಮ ಶರಾವತಿ ಸೀಮೆಯ ಒಂದು ಸಂಗತಿ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು ಅದೇ ಹೊಳೆಗೆ ಮಡೆನೂರಿನಲ್ಲಿ ಇನ್ನೊಂದು ಅಣೆಕಟ್ಟು ಇತ್ತು. ಹಿರೇಭಾಸ್ಕರ ಅಣೆಕಟ್ಟು ಎನ್ನುತ್ತಾರೆ, 1948ರಲ್ಲಿ ಮುಗಿದದ್ದು. ದೊಡ್ಡ ಅಣೆಕಟ್ಟಿನ ನೀರು ತುಂಬಿದಾಗ ಚಿಕ್ಕದು ಹಾಗೇ ಮುಳುಗಿತು. ಆದರೆ ಹಿನ್ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ವಯಸ್ಸಾದವರ ನೆನಪೂ ಸುಮಾರಾಗಿ ಹೀಗೇ. ಈಚಿನ ನೀರು ಇಳಿಯುತ್ತದೆ, ಅಡಿಯಲ್ಲಿದ್ದ ಹಳೆಯ ಗೋಡೆ ಕಾಣಿಸುತ್ತದೆ.

ಮನಸ್ಸನ್ನು ಅಭ್ಯಾಸ ಮಾಡಿದವರೂ ಇದನ್ನು ಗಮನಿಸಿದ್ದಾರೆ. ವಯಸ್ಸಾದವರನ್ನು ನೆನಪು ಹೇಳಿ ಎಂದರೆ, ಸುಮಾರು 10ರಿಂದ 30ನೇ ವಯಸ್ಸಿನೊಳಗೆ ನಡೆದದ್ದು ಹೆಚ್ಚಾಗಿ ಬರುತ್ತದಂತೆ. ಮೊದಲ ಶಾಲೆ, ಮೊದಲ ಸೈಕಲ್ಲು, ಮೊದಲ ಸಂಬಳ, ಹೀಗೆ ಬಾಳಿನ ಮೊದಲುಗಳೆಲ್ಲ ಆಗಲೇ ಅಲ್ಲವೇ ಇರುವುದು? ನೂರನೆಯ ಸಲ ತಿಂದ ಉಪ್ಪಿಟ್ಟು ನೆನಪಿನಲ್ಲಿ ಉಳಿಯುವುದು ಕಷ್ಟ.

ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಮಿದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಇದೆ. ನೋಡಲು ಸಮುದ್ರಕುದುರೆ ಎಂಬ ಮೀನಿನಂತೆ ಇರುವುದರಿಂದ ಆ ಹೆಸರು. ಹೊಸ ನೆನಪು ಕಟ್ಟುವುದಕ್ಕೂ ಅದು ಬೇಕು, ನಾವು ಎಲ್ಲಿದ್ದೇವೆ ಎಂದು ತಿಳಿಯುವುದಕ್ಕೂ ಅದೇ ಬೇಕು. 1971ರಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಎಚ್ಚರಗೊಳ್ಳುವ ಜೀವಕೋಶಗಳನ್ನು ಅಲ್ಲಿ ಕಂಡರು. 2014ರಲ್ಲಿ ಅವರಿಗೂ ಮೋಸರ್ ದಂಪತಿಗೂ ನೊಬೆಲ್ ಬಂತು. ನೆನಪೂ ಜಾಗವೂ ಮಿದುಳಿನಲ್ಲಿ ಅಷ್ಟು ಹತ್ತಿರದ ನೆರೆಹೊರೆ.

ಆದ್ದರಿಂದ ಹಳೆಯ ಮನೆ ಬಿಟ್ಟು ಮಗನ ಫ್ಲ್ಯಾಟಿಗೆ ಬಂದ ಅಜ್ಜ, ರಾತ್ರಿ ಎದ್ದು ಬಚ್ಚಲಿಗೆಂದು ಎಡಕ್ಕೆ ತಿರುಗಿ ಕಪಾಟಿಗೆ ಹಣೆ ತಾಗಿಸಿಕೊಂಡರೆ ನಗಬೇಡಿ. ಐವತ್ತು ವರ್ಷ ಎಡಕ್ಕೇ ತಿರುಗಿದ ಕಾಲು ಅದು. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಸಹಜ ಮರೆವು. ಆದರೆ ಕನ್ನಡಕ ಯಾಕೆ ಎಂಬುದೇ ತಿಳಿಯದೆ ಹೋದರೆ, ದಿನಾ ಹೋಗುವ ದಾರಿಯಲ್ಲೇ ಮನೆ ತಪ್ಪಿದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ಎರಡರ ವ್ಯತ್ಯಾಸ ಮನೆಯ ಎಲ್ಲರಿಗೂ ಗೊತ್ತಿರಲಿ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈ ವರ್ಷ ನಮ್ಮ ಮನೆತನದಲ್ಲಿ ಒಂದು ಜಗಳ ನಡೆಯಿತು. ಸಾಗರ ತಾಲ್ಲೂಕಿನ ಒಳಗಿನ ಹಳ್ಳಿಯಲ್ಲಿರುವ ನಮ್ಮ ಮೂಲಮನೆಯನ್ನು ಕೊಡುವುದೋ ಬೇಡವೋ ಎಂಬ ಜಗಳ. ಅಕ್ಕನಿಗೆ ಈಗ 82, ನನಗೆ 74, ತಮ್ಮನಿಗೆ 66. ಇಷ್ಟು ವರ್ಷ ಅಲ್ಲಿದ್ದು ಮನೆ, ತೋಟ ನೋಡಿಕೊಂಡವನು ತಮ್ಮ. ಅವನ ಮಂಡಿ ಈಗ ಮಾತು ಕೇಳುವುದಿಲ್ಲ, ಮಗಳು ಶಿವಮೊಗ್ಗಕ್ಕೆ ಕರೆಯುತ್ತಿದ್ದಾಳೆ. ಮಾಡಿನ ಪಕಾಸಿಗೆ ಗೆದ್ದಲು ಹಿಡಿದಿದೆ. ಕೊಳ್ಳಲು ಬಂದವರಿಗೆ ಬೇಕಿರುವುದು ಜಾಗ ಮತ್ತು ಮರಮುಟ್ಟು. ಮನೆಯನ್ನು ಅವರು ಬಿಚ್ಚುತ್ತಾರೆ.

ಅಕ್ಕ ಒಂದೇ ಮಾತು ಹೇಳಿದಳು: ‘ನಾನು ಕಣ್ಣು ಮುಚ್ಚಿದ ಮೇಲೆ ಏನು ಬೇಕಾದರೂ ಮಾಡಿಕೊಳ್ಳಿ.’

ತಮ್ಮ ಅಂದ: ‘ಅಕ್ಕ, ವರ್ಷಕ್ಕೆ ಎರಡು ದಿನ ಬಂದು ಹೋಗುವವರಿಗೆ ಅದು ತವರು. ಸೋರುವ ಕಡೆಯೆಲ್ಲ ಬಿಂದಿಗೆ ಇಡುವವನಿಗೆ ಅದು ಕೆಲಸ.’

ಇಬ್ಬರ ಮಾತೂ ನಿಜ. ಎರಡು ನಿಜಗಳ ನಡುವೆ ಮೂರು ತಿಂಗಳು ಫೋನೇ ಇರಲಿಲ್ಲ.

ಯುಗಾದಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದಾಗ, ಆರನೇ ತರಗತಿಯ ನನ್ನ ಮೊಮ್ಮಗಳು ಡ್ರಾಯಿಂಗ್ ಪುಸ್ತಕದ ಮೂರು ಹಾಳೆ ಹರಿದು ತಂದಳು. ‘ನೀವು ಮೂವರೂ ಬೇರೆ ಬೇರೆ ಕೂತು ಆ ಮನೆಯ ನಕ್ಷೆ ಬರೀರಿ. ಕಾಪಿ ಹೊಡೆಯೋ ಹಾಗಿಲ್ಲ’ ಎಂದಳು. ಪರೀಕ್ಷೆಗೆ ಕೂತ ಮಕ್ಕಳಂತೆ ಹಾಳೆಗೆ ಕೈ ಅಡ್ಡ ಹಿಡಿದು ಬರೆದೆವು.

ಮೂರೂ ಹಾಳೆ ಪಕ್ಕಪಕ್ಕ ಇಟ್ಟರೆ, ಅದು ಒಂದೇ ಮನೆ ಎಂದು ಯಾರೂ ಹೇಳುವಂತಿರಲಿಲ್ಲ. ಅಕ್ಕನ ನಕ್ಷೆಯಲ್ಲಿ ಬಾವಿ ಹಾಳೆಯ ತುದಿಗೆ ಹೋಗಿತ್ತು. ನನ್ನದರಲ್ಲಿ ಅಡುಗೆಮನೆಗೆ ಅಂಟಿಕೊಂಡಿತ್ತು. ನೀರು ಹೊತ್ತವಳಿಗೆ ಬಾವಿ ದೂರ, ಕುಡಿದವನಿಗೆ ಹತ್ತಿರ! ನಾನು ಅಟ್ಟವನ್ನು ಎಷ್ಟು ದೊಡ್ಡದು ಬರೆದಿದ್ದೆನೆಂದರೆ ಕೆಳಗಿನ ಮನೆಯೇ ಚಿಕ್ಕದಾಗಿತ್ತು. ಮಾವಿನಕಾಯಿ ಹಣ್ಣಿಗೆ ಹಾಕುತ್ತಿದ್ದುದು ಅಲ್ಲಿ. ತಮ್ಮನ ಜಗಲಿಯಲ್ಲಿ ರೇಡಿಯೋ, ದೀಪದ ಬಲ್ಬು, ಕೆಂಪು ಸಿಮೆಂಟಿನ ನೆಲ. ಅಕ್ಕನದರಲ್ಲಿ ಸಗಣಿ ಸಾರಿಸಿದ ನೆಲ. ಅವಳು ಮಾಡಿನ ಮೇಲೆ ಉದ್ದುದ್ದ ಗೀಟು ಎಳೆದು ‘ಸೋಗೆ’ ಎಂದು ಬರೆದಿದ್ದಳು. ಹೆಂಚು ಬಂದದ್ದು ಅವಳ ಮದುವೆಯಾದ ಮರುವರ್ಷ. ‘ಸೋಗೆಯ ಮೇಲೆ ಎಷ್ಟು ಮಳೆ ಹೊಯ್ದರೂ ಸದ್ದೇ ಇರಲಿಲ್ಲ ಕಣೋ. ಮೊದಲ ಸಲ ತವರಿಗೆ ಬಂದಾಗ ಹೆಂಚಿನ ಗಲಾಟೆಗೆ ನಿದ್ದೆ ಬರಲಿಲ್ಲ’ ಎಂದಳು.

ನಡುಮನೆಯ ಹಿಂದೆ ಒಂದು ಪುಟ್ಟ ಕೋಣೆ. ತಮ್ಮ ಅಲ್ಲಿ ‘ಗೊಬ್ಬರದ ಚೀಲ’ ಎಂದು ಬರೆದಿದ್ದ. ನಾನು ‘ಕತ್ತಲೆ ಕೋಣೆ’ ಎಂದಿದ್ದೆ. ಅಕ್ಕನ ಹಾಳೆಯಲ್ಲಿ ‘ಬಾಣಂತಿ ಕೋಣೆ’ ಎಂದಿತ್ತು.

‘ಅಲ್ಲೇ ಅಲ್ಲವೇನೋ ನೀನು ಹುಟ್ಟಿದ್ದು’ ಎಂದಳು ತಮ್ಮನಿಗೆ. ‘ಆಶ್ಲೇಷಾ ಮಳೆ. ಸೂಲಗಿತ್ತಿ ನಿನ್ನನ್ನು ಒರೆಸಿ ಮೊದಲು ಕೊಟ್ಟದ್ದು ನನ್ನ ಕೈಗೆ. ಆಗ ನನಗೆ ಹದಿನಾರು.’

ಅರವತ್ತಾರು ವರ್ಷ ಆ ಮನೆಯಲ್ಲೇ ಬಾಳಿದವನಿಗೆ ಇದು ಗೊತ್ತಿರಲಿಲ್ಲ. ಅವನು ಹಾಳೆಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ‘ಗೊಬ್ಬರದ ಚೀಲ’ವನ್ನು ಹೊಡೆದುಹಾಕಲಿಲ್ಲ, ಅದರ ಕೆಳಗೆ ‘ಬಾಣಂತಿ ಕೋಣೆ’ ಎಂದು ಸೇರಿಸಿದ.

ಅಕ್ಕನೂ ತಮ್ಮನ ನಕ್ಷೆಯನ್ನು ನೋಡುತ್ತಿದ್ದಳು. ಕೊನೆಗೆ ಅಂದಳು: ‘ನನ್ನ ಮನೆ ಎಂದೋ ಹೋಗಿದೆ ಬಿಡು. ಇದರಲ್ಲಿ ನನ್ನದು ಬಾವಿ ಒಂದೇ ಉಳಿದದ್ದು. ಈ ಸಲದ ದೊಡ್ಡಹಬ್ಬ ಅಲ್ಲೇ ಆಗಲಿ, ಎಲ್ಲರೂ ಬನ್ನಿ. ಹೆಂಚು ಇಳಿಸುವುದು ಆಮೇಲೆ.’ (ನಮ್ಮ ಕಡೆ ದೊಡ್ಡಹಬ್ಬ ಎಂದರೆ ದೀಪಾವಳಿ.)

ಅವಳ ಮಾತನ್ನು ನಾನು ಆಮೇಲೆ ಬಹಳ ಯೋಚಿಸಿದೆ. ಮೂಲಮನೆ ಎಂದರೆ ಅಜ್ಜನ ಕಾಲದಿಂದ ಹಾಗೇ ನಿಂತದ್ದು ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದು ನಿಂತೇ ಇಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಹೆಂಚು ಘಟ್ಟ ಹತ್ತಿ ಊರೂರಿಗೆ ಬಂದಂತೆಲ್ಲ ಸೋಗೆಯ, ಹುಲ್ಲಿನ ಮನೆಗಳು ಒಂದೊಂದಾಗಿ ಮರೆಯಾದವು. ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಸೋಗೆ ಹೊದೆಸುವ ಕಷ್ಟ ತಪ್ಪಿತು ಎಂದು ನಮ್ಮ ಹಿರಿಯರು ಸಂತೋಷಪಟ್ಟರೇ ಹೊರತು, ಹಳೆಯ ಮನೆ ಹೋಯಿತೆಂದು ಅಳಲಿಲ್ಲ. ಪ್ರತಿ ತಲೆಮಾರೂ ಒಂದಿಷ್ಟು ಮನೆಯನ್ನು ಬಿಟ್ಟುಕೊಟ್ಟೇ ಮುಂದಿನವರಿಗೆ ಒಂದು ಮನೆ ಕೊಟ್ಟಿದೆ. ಕುಪ್ಪಳಿಯ ಕುವೆಂಪು ಅವರ ಮನೆಯಂತೆ ಎಲ್ಲ ಮನೆಗಳನ್ನೂ ಕಾಪಾಡಿ ಇಡಲು ಆಗದು, ಇಡಬೇಕಾಗಿಯೂ ಇಲ್ಲ.

ಹಬ್ಬ ಮಾಡಿ ಬೀಳ್ಕೊಡುವ ಭಾಗ್ಯವೂ ಎಲ್ಲರಿಗೂ ಇರುವುದಿಲ್ಲ. ಮೊದಲು ಹೇಳಿದ ಲಿಂಗನಮಕ್ಕಿಯ ನೀರಿನಡಿ ಹೋದದ್ದು ಹಳೆಯ ಅಣೆಕಟ್ಟು ಒಂದೇ ಅಲ್ಲ, ಹಳ್ಳಿಗೆ ಹಳ್ಳಿಗಳೇ ಹೋದವು. ನಮ್ಮ ದೊಡ್ಡಮ್ಮನ ಮನೆಯೂ ಅದರಲ್ಲೊಂದು. ಬೇಡ ಎನ್ನುವ, ಜಗಳಾಡುವ ಅವಕಾಶ ಅವರಿಗೆ ಇರಲಿಲ್ಲ. ಕೊಟ್ಟ ಗಡುವಿನೊಳಗೆ ಬಾಗಿಲು, ಕಂಬ ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಟರು. ದೊಡ್ಡಮ್ಮ ಹೋದ ಮೇಲೆ, ಆ ಮನೆಯ ಹೆಬ್ಬಾಗಿಲು ಯಾವ ದಿಕ್ಕಿಗಿತ್ತು ಎಂದು ಹೇಳಬಲ್ಲವರು ಈಗ ಒಬ್ಬರೂ ಇಲ್ಲ. ಹಳೆಯ ಅಣೆಕಟ್ಟು ಬೇಸಿಗೆಯಲ್ಲಿ ಮೇಲೇಳುತ್ತದೆ, ಮಣ್ಣಿನ ಗೋಡೆಯ ಮನೆ ಏಳುವುದಿಲ್ಲ. ನಾವು ಕಳೆದುಕೊಳ್ಳುವುದು ಮನೆ ಬಿದ್ದಾಗಲ್ಲ, ಅದನ್ನು ಹೇಳಬಲ್ಲ ಕೊನೆಯವರು ಹೇಳದೆ ಹೋದಾಗ.

ಅದಕ್ಕೇ ಮಕ್ಕಳೇ, ಈ ರಜೆಯಲ್ಲಿ ಒಂದು ಕೆಲಸ. ಅಜ್ಜ ಅಜ್ಜಿಗೆ ಒಂದೊಂದು ಹಾಳೆ ಕೊಟ್ಟು ಅವರು ಹುಟ್ಟಿ ಬೆಳೆದ ಮನೆಯ ನಕ್ಷೆ ಬರೆಸಿ. ಅಣ್ಣ ತಮ್ಮ, ಅಕ್ಕ ತಂಗಿಯರಿದ್ದರೆ ಅವರಿಂದಲೂ ಬೇರೆಬೇರೆಯಾಗಿ ಬರೆಸಿ. ಕೈ ನಡುಗಿದರೆ ಅವರು ಹೇಳಲಿ, ನೀವು ಗೆರೆ ಎಳೆಯಿರಿ. ನೀರು ಎಲ್ಲಿಂದ ಬರುತ್ತಿತ್ತು, ಯಾರು ಎಲ್ಲಿ ಮಲಗುತ್ತಿದ್ದರು, ಯಾವ ಮೂಲೆಗೆ ಹೆದರಿಕೆ, ಬಯ್ಗಳು ತಿಂದರೆ ಅಡಗುವ ಜಾಗ ಯಾವುದು, ಕೋಣೆಕೋಣೆಗೆ ಯಾವ ವಾಸನೆ, ಎಲ್ಲ ಕೇಳಿ. ಮಳೆಗಾಲದಲ್ಲಿ ಮನೆಯೊಳಗೆ ಏನು ಕೇಳಿಸುತ್ತಿತ್ತು ಎಂಬುದನ್ನು ಮರೆಯಬೇಡಿ.

ಹಿರಿಯರಲ್ಲಿ ನನ್ನದು ಒಂದೇ ವಿನಂತಿ. ಬೇರೆಯವರ ನಕ್ಷೆ ತಪ್ಪು ಎಂದು ಜಗಳಕ್ಕೆ ಬೀಳಬೇಡಿ, ಯಾರದನ್ನೂ ತಿದ್ದಬೇಡಿ. ತಾಳೆಯಾಗದ ಕಡೆಯೇ ಒಳ್ಳೆಯ ಕತೆ ಇರುತ್ತದೆ.

ನಕ್ಷೆ ಮುಗಿದ ಮೇಲೆ, ಮಕ್ಕಳೇ, ಹಾಳೆಯ ಕೆಳಗೆ ಬರೆದವರ ಹೆಸರು, ವಯಸ್ಸು, ಇವತ್ತಿನ ತಾರೀಖು ಹಾಕಿ ಜೋಪಾನವಾಗಿ ಎತ್ತಿಡಿ. ಅದೇ ಹಾಳೆಯ ಹಿಂಬದಿಯಲ್ಲಿ ನೀವು ಈಗ ಇರುವ ಮನೆಯದನ್ನೂ ಬರೆಯಿರಿ. ಎರಡು ರೂಮಿನ ಬಾಡಿಗೆ ಮನೆಯಾದರೂ ಸರಿ. ಇನ್ನೊಂದು ಅರವತ್ತು ವರ್ಷಕ್ಕೆ ಅದೇ ಯಾರಿಗೋ ಮೂಲಮನೆ.